ಕಲ್ಲುಕೋರೆಗೆ ಹೋದ ಅಕ್ಷರಗಳು

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ಒಂದು ಮಧ್ಯಾಹ್ನ ಬಸ್ಸಿಗೆ ಕಾದು ಕಾದು ಬೇಸತ್ತು ನಡೆದೇ ಹೊರಟಿದ್ದೆ. ದಾರಿಯಲ್ಲಿ, ಕಲ್ಲು ಕಡಿದು ಮುಗಿದ ಹಳೆಯ ಕೆಂಪುಕಲ್ಲಿನ ಕೋರೆಯೊಂದನ್ನು ಮಣ್ಣು ಹಾಕಿ ತುಂಬಿಸುತ್ತಿದ್ದರು. ಒಂದು ಟಿಪ್ಪರ್ ಹಿಂದಕ್ಕೆ ಬಂದು ಸುರಿಯಿತು. ಮಣ್ಣಿನ ಜೊತೆಗೆ ಹಂಚಿನ ಚೂರು, ತುಕ್ಕು ಹಿಡಿದ ಸರಳು ಇಣುಕುವ ಸಿಮೆಂಟಿನ ಶಿಲುಬೆಗಳ ತೋಳು, ಅಮೃತಶಿಲೆಯ ತುಂಡುಗಳು. ಒಂದು ತುಂಡು ಉರುಳಿಕೊಂಡು ಬಂದು ನನ್ನಿಂದ ನಾಲ್ಕು ಮಾರು ದೂರದಲ್ಲಿ ಮುಖ ಮೇಲಾಗಿ ನಿಂತಿತು. ಅದರಲ್ಲಿ ‘ಹಾಂಗಾಸರ್ ವಿಶೆವ್ ಘೆತಾ’ ಎಂದಿತ್ತು. ಭಾಷೆ ಕೊಂಕಣಿ, ಇಲ್ಲಿ ವಿಶ್ರಾಂತಿ ಪಡೆಯುವುದು ಎಂದು ಅರ್ಥ. ಲಿಪಿ ಕನ್ನಡ. ಕೆತ್ತಿದವನು ನಾನು.

ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ‘ವ’ ಅಕ್ಷರದ ತಲೆಕಟ್ಟನ್ನು ಕೊನೆಯಲ್ಲಿ ಒಂದಿಷ್ಟು ಮೇಲಕ್ಕೆ ಎಳೆಯುವುದು ನನ್ನ ಚಾಳಿ. ಬೇಡವೆಂದು ತಂದೆಯವರು ನೂರು ಸಲ ಬೈದಿದ್ದರು. ಬೈದದ್ದು ಕೈಗೆ ಹೋಗಲಿಲ್ಲ. ಟಿಪ್ಪರಿನ ಚಾಲಕನನ್ನು ಕೇಳಿದೆ. ‘ಇಗರ್ಜಿಯ ಸ್ಮಶಾನ ಸಮ ಮಾಡಿ ಇಂಟರ್‌ಲಾಕ್ ಹಾಕುತ್ತಿದ್ದಾರೆ, ಇದೆಲ್ಲ ಹಳೆಯ ಕಲ್ಲು, ಯಾರಿಗೂ ಬೇಡವಂತೆ’ ಎಂದ. ಆ ತುಂಡು ನನಗೆ ಬೇಕೆಂದಾಗ ಅವನು ನನ್ನ ಮುಖವನ್ನೊಮ್ಮೆ ನೋಡಿ, ಪಾಪ, ತಾನೇ ಎತ್ತಿ ಆಟೋರಿಕ್ಷಾದಲ್ಲಿ ಇಟ್ಟುಕೊಟ್ಟ.

ಯಾವ ಇಗರ್ಜಿ ಎಂದು ಬರೆಯುವುದಿಲ್ಲ. ನನ್ನ ಹೆಸರನ್ನೂ ದಯವಿಟ್ಟು ಪ್ರಕಟಿಸಬೇಡಿ. ಅಲ್ಲಿಯವರು ನನಗೆ ಅನ್ನ ಕೊಟ್ಟವರು. ಈ ಪತ್ರ ಒಂದು ಇಗರ್ಜಿಯ ಮೇಲಿನ ದೂರೂ ಅಲ್ಲ.

ನಾನು ಕಾಸರಗೋಡು ತಾಲ್ಲೂಕಿನವನು, 1957ರಲ್ಲಿ ಹುಟ್ಟಿದವನು. ಊರು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹಾಗಾಗಿ ನನ್ನ ಅಣ್ಣ ಹುಟ್ಟಿದ್ದು ಮದ್ರಾಸು ರಾಜ್ಯದಲ್ಲಿ, ನಾನು ಹುಟ್ಟಿದ್ದು ಕೇರಳದಲ್ಲಿ. ಕೋಣೆ ಮಾತ್ರ ಒಂದೇ. ತಂದೆಯವರು ಗಾರೆ ಕೆಲಸದ ಮೇಸ್ತ್ರಿ. ನನಗೆ ಕರಣೆಗಿಂತ ಬ್ರಷ್ಷಿನ ಮೇಲೆ ಮನಸ್ಸು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, 1974ರಲ್ಲಿ ಬೋರ್ಡು ಬರೆಯಲು, ಕಲ್ಲಿನಲ್ಲಿ ಅಕ್ಷರ ಕೆತ್ತಲು ತೊಡಗಿದೆ. ಅಂಗಡಿ, ಶಾಲೆ, ದೈವಸ್ಥಾನದ ದಾನಿಗಳ ಪಟ್ಟಿ, ಮಸೀದಿಯ ಮದರಸದ ಫಲಕ, ಯಕ್ಷಗಾನ ಮೇಳದ ಲಾರಿ, ಇಗರ್ಜಿಯ ಗೋರಿಕಲ್ಲು ಎಲ್ಲವೂ ನನ್ನ ಕೈಯಲ್ಲಿ ಆಗಿದೆ. ಫ್ಲೆಕ್ಸ್ ಬಂದ ಮೇಲೆ ಬೋರ್ಡು ನಿಂತಿತು. ಕಂಪ್ಯೂಟರ್ ಕೆತ್ತನೆ ಬಂದ ಮೇಲೆ ಕಲ್ಲೂ ನಿಂತಿತು. ನನ್ನ ಮನೆಮಾತು ತುಳು. ಕೊಂಕಣಿ ಅರ್ಥವಾಗುತ್ತದೆ, ಮಾತನಾಡಲು ಬಾರದು. ಬಾರದ ಭಾಷೆಯಲ್ಲಿ ನಾನು ನೂರಾರು ಕಲ್ಲು ಬರೆದಿದ್ದೇನೆ.

ಕಲ್ಲಿನ ಕೆಲಸಕ್ಕೆ ಆಗ ಅಕ್ಷರಕ್ಕಿಷ್ಟು ಎಂದು ಲೆಕ್ಕ. ಮೊದಲು ಐವತ್ತು ಪೈಸೆ ಇತ್ತು. ಇದರಿಂದ ಒಂದು ತಮಾಷೆಯ ಜಗಳ ಹುಟ್ಟಿತ್ತು. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಮರಣ, ದೇವರು, ಮನೆ. ಕೊಂಕಣಿಯ ಪದಗಳು ಅಲ್ಲಲ್ಲೇ ಕತ್ತರಿಸಿ ನಿಲ್ಲುತ್ತವೆ. ಮರಣ್, ದೇವ್, ಘರ್. ಪ್ರತಿ ಪದದ ತುದಿಗೂ ಅರ್ಧಾಕ್ಷರದ ಕೊಕ್ಕೆ ಬರೆಯಬೇಕು. ಆ ಕೊಕ್ಕೆ ಕೆತ್ತಲು ಇಡೀ ಅಕ್ಷರದಷ್ಟೇ ಶ್ರಮ, ಸಪೂರ ಆದ್ದರಿಂದ ಕಲ್ಲು ಚಕ್ಕೆ ಏಳುವ ಹೆದರಿಕೆ ಬೇರೆ. ಕೊಕ್ಕೆಗೂ ಅಕ್ಷರದ ದರ ಕೊಡಿ ಎಂದು ನಾನು. ‘ಕೊಕ್ಕೆ ಅಕ್ಷರವಲ್ಲ ಮೇಸ್ತ್ರಿ, ಅಕ್ಷರದ ಬಾಲ’ ಎಂದು ಒಬ್ಬ ಗುರಿಕಾರರು, ಅಂದರೆ ಇಗರ್ಜಿಯ ವಾರ್ಡಿನ ಮುಖಂಡರು. ಕೊನೆಗೆ ಎರಡು ಕೊಕ್ಕೆಗೆ ಒಂದು ಅಕ್ಷರದ ದರ ಎಂದು ರಾಜಿಯಾಯಿತು. ಕಾಗುಣಿತದಲ್ಲಿ ಸಂದೇಹ ಬಂದರೆ ಅವರೇ ‘ರಾಕ್ಣೊ’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕೊಡುತ್ತಿದ್ದರು. 1938ರಿಂದ ಮಂಗಳೂರಿನಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ ಅದು, ಕನ್ನಡ ಲಿಪಿಯದು. ನನ್ನ ನಿಘಂಟು ಅದೇ.

ಈಗ ವಿಷಯಕ್ಕೆ ಬರುತ್ತೇನೆ. ಗಡಿನಾಡಿನ ಪರಂಪರೆ ಎಂದಾಗ ಪತ್ರಿಕೆಗಳಲ್ಲಿ ಬರುವ ಚಿತ್ರಗಳು ನನಗೆ ಬಾಯಿಪಾಠ. ಕೆಳದಿಯ ಶಿವಪ್ಪ ನಾಯಕನ ಬೇಕಲ ಕೋಟೆ, ಅನಂತಪುರದ ಸರೋವರದ ನಡುವಿನ ಗುಡಿ, ಮಧೂರು ದೇವಸ್ಥಾನದ ಆನೆಯ ಬೆನ್ನಿನಾಕಾರದ ಮೂರಂತಸ್ತಿನ ಗಜಪೃಷ್ಠ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ. ಎಲ್ಲವೂ ಬರಬೇಕಾದವೇ. ಬೇಕಲಕ್ಕೆ ಕೇಂದ್ರದ ಪುರಾತತ್ವ ಇಲಾಖೆಯ ಕಾವಲಿದೆ, ಟಿಕೆಟ್ಟಿದೆ, ಅದರ ಚಿಂತೆ ನನಗಿಲ್ಲ. ನಮ್ಮ ಹಳ್ಳಿಯ ಇಗರ್ಜಿಗಳನ್ನು ಮಾತ್ರ ಯಾರೂ ಈ ಸಾಲಿಗೆ ಸೇರಿಸುವುದಿಲ್ಲ. ಬೇಳದ ಶೋಕಮಾತೆಯ ಇಗರ್ಜಿ 1890ರದ್ದು. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಕಡೆ, ಅಡಿಕೆ ತೋಟಗಳ ನಾಡಿನಲ್ಲಿ, ಗೋಥಿಕ್ ಶೈಲಿಯ ಮೊನಚು ಕಮಾನುಗಳು ಎದ್ದು ನಿಂತಿರುವುದನ್ನು ಮೊದಲ ಸಲ ಕಂಡವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಮಂಜೇಶ್ವರ, ಕಯ್ಯಾರು, ವರ್ಕಾಡಿ, ನಾರಂಪಾಡಿಗಳಲ್ಲೂ ಇಗರ್ಜಿಗಳಿವೆ. ಇವೆಲ್ಲ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೇ, ಅಂದರೆ ಮಂಗಳೂರಿನ ಬಿಷಪರ ಆಡಳಿತಕ್ಕೇ, ಸೇರಿದವು. 1956ರಲ್ಲಿ ರಾಜ್ಯಗಳ ಗಡಿ ಎಳೆದವರಿಗೆ ಧರ್ಮಪ್ರಾಂತ್ಯದ ಗಡಿಯನ್ನು ಬದಲಿಸುವ ಅಧಿಕಾರವಿರಲಿಲ್ಲ. ಪೂಜೆ ಕೊಂಕಣಿಯಲ್ಲಿ ನಡೆಯುತ್ತದೆ. ತಾಲ್ಲೂಕು ಕಚೇರಿಯ ಕಾಗದ ಮಲಯಾಳದಲ್ಲಿ ಬರುತ್ತದೆ. ಗೋರಿಯ ಮೇಲೆ ಕನ್ನಡ ಅಕ್ಷರ. ದಕ್ಷಿಣಕ್ಕೆ ಹೋಗಿ ರಾಜಪುರದ ಬೆಟ್ಟಗಳನ್ನು ಹತ್ತಿದರೆ ಅಲ್ಲಿಯ ಇಗರ್ಜಿಗಳ ಕಥೆಯೇ ಬೇರೆ, 1943ರಿಂದ ತಿರುವಾಂಕೂರು ಕಡೆಯಿಂದ ವಲಸೆ ಬಂದ ರೈತರದು, ಅಕ್ಷರ ಮಲಯಾಳದ್ದು. ಒಂದೇ ಜಿಲ್ಲೆ, ಒಂದೇ ಶಿಲುಬೆ, ಲಿಪಿ ನೋಡಿದರೆ ಸಾಕು ಜನ ಎಲ್ಲಿಂದ ಬಂದವರು ಎಂದು ತಿಳಿಯುತ್ತದೆ.

ನಮ್ಮ ಕಡೆಯ ಇಗರ್ಜಿಗಳು ಇನ್ನೂ ಹಳೆಯವಾಗಿ ಏಕೆ ಇಲ್ಲ ಎನ್ನುವುದಕ್ಕೂ ಕಾರಣವಿದೆ. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು, ಇಗರ್ಜಿಗಳನ್ನು ಕೆಡವಿದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಮರಳಿದರು. ಮನೆ, ಗದ್ದೆ, ಪ್ರಾರ್ಥನೆಯ ಜಾಗ ಎಲ್ಲವನ್ನೂ ಮತ್ತೆ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಹಾಗೆ ಎದ್ದವುಗಳನ್ನು ಈಗ ನಾವೇ, ಪ್ರೀತಿಯಿಂದಲೇ, ಕೆಡವುತ್ತಿದ್ದೇವೆ.

ಮಂಜೇಶ್ವರದ ಮಾತು ಬಂದಾಗ ಗೋವಿಂದ ಪೈಗಳನ್ನು ಬಿಟ್ಟು ಮುಂದೆ ಹೋಗಲಾಗದು. 1949ರಲ್ಲಿ ಮದ್ರಾಸು ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ ಮಹನೀಯರು. ಅವರ ಮನೆ ಈಗ ಸ್ಮಾರಕವಾಗಿದೆ, ಅಷ್ಟು ಭಾಗ್ಯ ನಮಗಿದೆ. ಮನೆಮಾತು ಕೊಂಕಣಿಯಾಗಿದ್ದ ಆ ಗೌಡ ಸಾರಸ್ವತ ಬ್ರಾಹ್ಮಣರು ಯೇಸುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ಕನ್ನಡದಲ್ಲಿ ಬರೆದರು. ನಮ್ಮ ಶಾಲೆಯ ಕನ್ನಡ ಪಂಡಿತರು ಅದನ್ನು ಓದಿ ಹೇಳಿದಾಗ ತರಗತಿಯಲ್ಲಿ ಕ್ರೈಸ್ತ ಹುಡುಗರು ಇಬ್ಬರೇ ಇದ್ದರು. ಉಳಿದವರೂ ಕಣ್ಣು ಒರೆಸಿಕೊಂಡದ್ದು ನೆನಪಿದೆ. ಅಂಥ ಊರಿನವರು ನಾವು. ಅಲ್ಲಿಯೇ ಬಂಗ್ರಮಂಜೇಶ್ವರದಲ್ಲಿ ಜೈನ ಬಸದಿಗಳಿವೆ, ಅನಂತೇಶ್ವರ ದೇವಸ್ಥಾನವಿದೆ, ಇಗರ್ಜಿಯಿದೆ. ಒಂದು ಬೆಳಗಿನಲ್ಲಿ ಎಲ್ಲವನ್ನೂ ನೋಡಿ ಮಧ್ಯಾಹ್ನದ ಊಟಕ್ಕೆ ಮಂಗಳೂರು ಸೇರಬಹುದು. ಎಷ್ಟು ಜನ ನೋಡಿದ್ದೀರಿ?

ಹಳೆಯ ಇಗರ್ಜಿಗಳನ್ನು ಏಕೆ ಕೆಡವುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಪಕ್ಕಾಸಿಗೆ ಗೆದ್ದಲು, ರೀಪು ಬಾಗಿ ಹಂಚು ಜಾರುತ್ತದೆ, ಪೀಠದ ಮೇಲೆ ನೀರು ತೊಟ್ಟಿಕ್ಕುತ್ತದೆ. ಹತ್ತಿ ಹಂಚು ತಿರುವಿ ಹಾಕಲು ಜನ ಸಿಗುವುದಿಲ್ಲ. ಆಗ ಯಾರೋ ಒಬ್ಬರು ಸ್ಲ್ಯಾಬ್ ಹಾಕಿಬಿಡೋಣ ಎನ್ನುತ್ತಾರೆ. ಗೋಡೆ ಒದ್ದೆಯಾಗುತ್ತದೆ ಎಂದು ಸಿಮೆಂಟು ಬಳಿಯುತ್ತಾರೆ. ಇಲ್ಲಿಯೇ ಎಡವಟ್ಟು. ಕೆಂಪುಕಲ್ಲು ರಂಧ್ರಗಳ ಕಲ್ಲು, ಜೇನುಗೂಡಿನಂತೆ. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಉಗುಳುತ್ತದೆ. ಸುಣ್ಣದ ಗಾರೆ ಆ ಉಸಿರಾಟಕ್ಕೆ ದಾರಿ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರು ಕಲ್ಲನ್ನೇ ಪುಡಿ ಮಾಡುತ್ತದೆ. ನಾಲ್ಕು ಮಳೆಗಾಲ ಕಳೆದ ಮೇಲೆ ‘ಗೋಡೆ ಹಳತಾಯಿತು, ಕೆಡವಲೇಬೇಕು’ ಎಂಬ ತೀರ್ಮಾನ. ತಂದೆಯವರು ಚಿಪ್ಪು ಸುಟ್ಟ ಸುಣ್ಣವನ್ನು ವಾರಗಟ್ಟಲೆ ಕೊಳೆಹಾಕಿ, ಬೆಲ್ಲದ ನೀರು ಬೆರೆಸಿ ಅರೆದು ಬಳಸುತ್ತಿದ್ದರು. ಅವರು ಗಾರೆ ಮಾಡಿದ ಗೋಡೆಗಳಲ್ಲಿ ಒಂದು ಈಗಲೂ ಇದೆ. ಬೆರಳಲ್ಲಿ ತಟ್ಟಿದರೆ ಮಡಕೆಯ ಹಾಗೆ ಸದ್ದು ಮಾಡುತ್ತದೆ.

ಹಂಚಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಈ ತಪ್ಪನ್ನು ಸ್ಮರಣ ಸಂಚಿಕೆಗಳಲ್ಲಿ ಪದೇ ಪದೇ ನೋಡಿ ಸಾಕಾಗಿದೆ. ಬಾಸೆಲ್ ಮಿಷನ್ ಕಾರ್ಖಾನೆಯ ಹಂಚಿನ ಬೆನ್ನಿನ ಮೇಲೆ 1865 ಎಂದು ಅಚ್ಚಿರುತ್ತದೆ. ಅದು ಕಾರ್ಖಾನೆ ಆರಂಭವಾದ ಇಸವಿ, ಆ ಹಂಚು ಸುಟ್ಟ ಇಸವಿಯಲ್ಲ. ‘ನಮ್ಮ ಮಾಡು (ಛಾವಣಿ) 1865ರದ್ದು’ ಎಂದು ಬರೆಯುವವರು ದಯವಿಟ್ಟು ಗಮನಿಸಿ. ಮಾಡು ಎಂದಿನದಾದರೂ ಸರಿ, ಆ ಹಂಚುಗಳನ್ನು ಟಿಪ್ಪರಿಗೆ ಹಾಕಬೇಡಿ. ಅವು ಇನ್ನೂ ಒಂದು ತಲೆಮಾರು ಬಾಳುತ್ತವೆ.

ಸ್ಮಶಾನದ ವಿಷಯ ಸೂಕ್ಷ್ಮವಾದದ್ದು. ಹಳ್ಳಿಯ ಇಗರ್ಜಿಗಳಿಗೆ ಜಾಗ ಕಡಿಮೆ. ಕೆಲವು ವರ್ಷಗಳ ಬಳಿಕ ಅದೇ ಗೋರಿಯನ್ನು ತೆಗೆದು ಇನ್ನೊಬ್ಬರನ್ನು ಇಡುವುದು ವಾಡಿಕೆ. ಹಣ ಕಟ್ಟಿ ಕಾಯಂ ಮಾಡಿಕೊಂಡ ಮನೆತನಗಳ ಗೋರಿಗಳು ಮಾತ್ರ ಉಳಿಯುತ್ತವೆ. ಮಣ್ಣು ಎಲ್ಲರಿಗೂ ಬೇಕಲ್ಲ, ಅದರಲ್ಲಿ ತಪ್ಪೇನಿಲ್ಲ. ಆದರೆ ದೇಹದ ಸರದಿ ಮುಗಿದ ಕೂಡಲೇ ಹೆಸರಿನ ಸರದಿಯೂ ಮುಗಿಯಬೇಕೆಂದು ಎಲ್ಲಿಯೂ ಇಲ್ಲ. ಹಿಂದೆ ಕಲ್ಲನ್ನು ಕಿತ್ತು ಆವರಣದ ಗೋಡೆಗೆ ಒರಗಿಸಿಡುತ್ತಿದ್ದರು. ಮನೆಯವರು ಬಂದರೆ ತೆಗೆದುಕೊಂಡು ಹೋಗುತ್ತಿದ್ದರು, ಬಾರದಿದ್ದರೆ ಅಲ್ಲಿಯೇ ಪಾಚಿ ಹಿಡಿಯುತ್ತಿತ್ತು. ಈಗ ಆವರಣದ ಗೋಡೆಯೇ ಬದಲಾಗುತ್ತಿದೆ.

ಆ ಕಲ್ಲುಗಳಿಗೆ ದಿಕ್ಕಿಲ್ಲ ಎನ್ನುವುದು ನನಗೆ ಹೊಳೆದದ್ದು ಟಿಪ್ಪರಿನ ಹಿಂದೆ ನಿಂತಾಗ. ಕೇರಳದವರಿಗೆ ಆ ಲಿಪಿ ಓದಲು ಬಾರದು. ಕರ್ನಾಟಕದವರಿಗೆ ಲಿಪಿ ಓದಲು ಬರುತ್ತದೆ, ಆದರೆ ಅದು ಕನ್ನಡವಲ್ಲವಲ್ಲ ಎನ್ನುತ್ತಾರೆ, ಮೇಲಾಗಿ ಗಡಿಯಾಚೆ. ಗೋವಾದವರಿಗೆ ಭಾಷೆ ತಮ್ಮದೇ, ಆದರೆ 1987ರ ಅವರ ರಾಜಭಾಷಾ ಕಾಯ್ದೆ ಕೊಂಕಣಿ ಎಂದರೆ ದೇವನಾಗರಿ ಲಿಪಿಯಲ್ಲಿರುವುದು ಎನ್ನುತ್ತದೆ. ಕಾನೂನಿನ ಕಡೆ ಹೋದರೆ, 1972ರ ಕಾಯ್ದೆಯ ಪ್ರಕಾರ ಇಂಥ ಕಲ್ಲು ಪ್ರಾಚ್ಯವಸ್ತು ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷ ಆಗಿರಬೇಕು. ನನ್ನ ಮೊದಲ ಕಲ್ಲಿಗೆ ಆ ಯೋಗ ಬರಬೇಕಾದರೆ ಅದು 2074ರವರೆಗೆ ಕೋರೆಗೆ ಬೀಳದೆ ಇರಬೇಕು.

ಗಡಿನಾಡ ಕನ್ನಡ ಪರ ಸಂಘಗಳವರಿಗೆ ನನ್ನ ಮಾತು ರುಚಿಸಲಾರದು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ವರದಿ ಕೊಟ್ಟದ್ದನ್ನು ನಾವು ಪ್ರತಿ ನವೆಂಬರಿನಲ್ಲಿ ಸ್ಮರಿಸುತ್ತೇವೆ. ಆ ಸಭೆಗಳ ಬ್ಯಾನರುಗಳನ್ನು ಎಷ್ಟೋ ವರ್ಷ ನಾನೇ ಬರೆದಿದ್ದೇನೆ, ಕೆಲವರ ಬಾಕಿ ಇನ್ನೂ ಬಂದಿಲ್ಲ. ಇಲ್ಲಿ ಕನ್ನಡ ಇತ್ತು, ಇದೆ ಎನ್ನುವುದಕ್ಕೆ ಸಾಕ್ಷಿ ಬೇಕೆಂದು ವೇದಿಕೆಯಲ್ಲಿ ಗುಡುಗುವವರು ಒಂದು ದಿನ ಇಗರ್ಜಿಯ ಸ್ಮಶಾನಕ್ಕೆ ಬಂದು ನೋಡಲಿಲ್ಲ. ಬೇರೆ ಮನೆಮಾತಿನ, ಬೇರೆ ಧರ್ಮದ ಜನ ತಮ್ಮ ಸತ್ತವರ ಹೆಸರನ್ನು ಯಾರ ಒತ್ತಾಯವೂ ಇಲ್ಲದೆ ಕನ್ನಡ ಅಕ್ಷರದಲ್ಲಿ ಬರೆಸಿಕೊಂಡರಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಆಯೋಗದ ಮುಂದೆ ಇಡಬಹುದಿತ್ತು? ಬೆಂಗಳೂರಿನಿಂದ ಗಡಿನಾಡಿಗೆಂದು ಬರುವ ಅನುದಾನದಲ್ಲಿ ಶಾಮಿಯಾನ, ಶಾಲು, ಹಾರಗಳ ಖರ್ಚನ್ನು ಒಂದು ವರ್ಷ ಬದಿಗಿಟ್ಟರೆ ಎರಡು ತಾಲ್ಲೂಕಿನ ಎಲ್ಲ ಹಳೆಯ ಕಲ್ಲುಗಳ ಚಿತ್ರ ತೆಗೆಯಬಹುದು.

ಇಷ್ಟೆಲ್ಲ ಬರೆಯುವ ನಾನು ನಿರಪರಾಧಿಯಲ್ಲ. 1991ರಲ್ಲಿ ಒಂದು ಇಗರ್ಜಿಯ ಮುಖ್ಯದ್ವಾರದ ಮೇಲೆ ಹೊಸ ಫಲಕ ಬರೆಯಲು ಕರೆದರು. ಅಲ್ಲಿ ಮೊದಲೇ ಗಾರೆಯಲ್ಲಿ ಉಬ್ಬಿಸಿದ ಅಕ್ಷರಗಳಿದ್ದವು, ‘ದೇವಾಚೆಂ ಘರ್’ ಎಂದು. ದೇವರ ಮನೆ. ತಂದೆಯವರ ಕಾಲಕ್ಕಿಂತಲೂ ಹಿಂದಿನ ಯಾರೋ ಗಾರೆಯವನ ಕೈ. ‘ಘ’ ಅಕ್ಷರದ ಹೊಟ್ಟೆಯೊಳಗೆ ಒಂದು ಸಣ್ಣ ಹೂವು ಇತ್ತು. ‘ರ್’ ಅಕ್ಷರದ ಕೊಕ್ಕೆಯನ್ನು ಅವನು ಬಳ್ಳಿಯ ಕುಡಿಯ ಹಾಗೆ ಸುತ್ತಿಬಿಟ್ಟಿದ್ದ. ಕೊಕ್ಕೆಗೆ ದುಡ್ಡು ಕೇಳಿದವನಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು. ನನಗೆ ಸಪಾಟಾದ ನೆಲ ಬೇಕಿತ್ತು. ಉಳಿ ಹಿಡಿದು ಮುಂಜಾನೆಯಿಂದ ಊಟದ ಹೊತ್ತಿನೊಳಗೆ ಎಲ್ಲವನ್ನೂ ಕೆರೆದು ತೆಗೆದೆ. ಎನಾಮೆಲ್ ಬಣ್ಣದಲ್ಲಿ ಮೂರು ಭಾಷೆಯಲ್ಲಿ ಚೆಂದದ ಬೋರ್ಡು ಬರೆದೆ. ಮುನ್ನೂರು ರೂಪಾಯಿ ಸಿಕ್ಕಿತು. ಸಂಜೆ ತಂದೆಯವರು ನೋಡಲು ಬಂದರು. ಆಗ ಅವರಿಗೆ ಕಣ್ಣು ಮಂಜಾಗಿತ್ತು. ಬೋರ್ಡನ್ನು ನೋಡಲಿಲ್ಲ, ಕೆಳಗೆ ಬಿದ್ದ ಗಾರೆಯ ಚೂರುಗಳನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ‘ಒಳ್ಳೆಯ ಸುಣ್ಣ’ ಎಂದರು. ಅಷ್ಟೇ. ನಾನು ಬರೆದ ಬೋರ್ಡು ಹತ್ತು ವರ್ಷವೂ ಬಾಳಲಿಲ್ಲ, ಈಗ ಅಲ್ಲಿ ಫ್ಲೆಕ್ಸ್ ಇದೆ.

ಇದು ಇಗರ್ಜಿಗಳದ್ದೇ ಕಥೆ ಎಂದು ಯಾರೂ ನೆಮ್ಮದಿಯಿಂದ ಕೂರಬೇಕಾಗಿಲ್ಲ. ಜೀರ್ಣೋದ್ಧಾರ, ಬ್ರಹ್ಮಕಲಶ ಎಂದ ಕೂಡಲೇ ಹಳೆಯ ದಾನಿಗಳ ಕಲ್ಲು ಕಿತ್ತು ಹೊಸ ದಾನಿಗಳ ಗ್ರಾನೈಟು ಬರುತ್ತದೆ. ಮಸೀದಿಗಳಲ್ಲಿ ನಾನು ಕನ್ನಡದಲ್ಲಿ ಬರೆದ ಫಲಕಗಳಲ್ಲಿ ಎರಡು ಮಾತ್ರ ಉಳಿದಿವೆ ಎಂದು ತೋರುತ್ತದೆ.

ಕಾನೂನು ತನ್ನಿ, ಇಗರ್ಜಿ ಮುಟ್ಟಬೇಡಿ ಎಂದು ನಾನು ಕೇಳುವುದಿಲ್ಲ. ಸೋರುವ ಮಾಡಿನ ಕೆಳಗೆ ನಿಂತು ಪ್ರಾರ್ಥಿಸುವವರಿಗೆ ಪರಂಪರೆಯ ಪಾಠ ಹೇಳುವುದು ಸುಲಭ. ನಾನು ಕೇಳುವುದು ಒಂದು ಶನಿವಾರದ ಕೆಲಸ. ಕೆಲಸಕ್ಕೆ ಕೈ ಹಾಕುವ ಮುಂಚೆ ಪಾಲನಾ ಮಂಡಳಿಯವರು ಊರಿನ ನಾಲ್ಕು ಮಕ್ಕಳಿಗೆ ಮೊಬೈಲ್ ಕೊಟ್ಟು ಅಕ್ಷರವಿರುವ ಪ್ರತಿ ಕಲ್ಲು, ಪ್ರತಿ ಗಾರೆ, ಪ್ರತಿ ಗಂಟೆಯ ಚಿತ್ರ ತೆಗೆಸಲಿ. ನಡುಮಧ್ಯಾಹ್ನ ಹೋಗಬೇಡಿ. ಬಿಸಿಲು ನೆತ್ತಿಯ ಮೇಲಿದ್ದರೆ ಸವೆದ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಏಳೂವರೆಗೆ, ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಒರಗಿಸಿ ಬೆಳಕು ಅಡ್ಡಲಾಗಿ ಹರಿಯುವಂತೆ ಹಿಡಿಯಿರಿ. ಇಲ್ಲವೇ ಇಲ್ಲ ಎಂದುಕೊಂಡ ಅಕ್ಷರ ನೆರಳಾಗಿ ಎದ್ದು ಬರುತ್ತದೆ. ಪಾಚಿ ತೆಗೆಯಲು ನೀರು ಮತ್ತು ತೆಂಗಿನ ನಾರು ಸಾಕು. ತಂತಿ ಬ್ರಷ್ ಬೇಡ. ಕಕ್ಕಸು ತೊಳೆಯುವ ಆಸಿಡ್ಡನ್ನಂತೂ ಮುಟ್ಟಲೇಬೇಡಿ, ಅಮೃತಶಿಲೆ ಅದರಲ್ಲಿ ಕರಗುತ್ತದೆ. ಅಕ್ಷರ ಹೊಳೆಯಲೆಂದು ತೊಳೆದು ಅಕ್ಷರವನ್ನೇ ಕಳೆದುಕೊಂಡ ಕಲ್ಲುಗಳನ್ನು ಕಂಡಿದ್ದೇನೆ. ಆಮೇಲೆ ಕಿತ್ತ ಕಲ್ಲುಗಳನ್ನು ಹೊಸ ಆವರಣದ ಗೋಡೆಗೆ ಸಾಲಾಗಿ ಕೂರಿಸಿ. ಸಿಮೆಂಟು ಹೇಗೂ ಹಾಕುತ್ತೀರಿ.

ಇನ್ನೊಂದು ಮಾತು ಮುಂಬಯಿ, ಕುವೈತ್, ದುಬೈಗಳಲ್ಲಿರುವ ನಮ್ಮ ಊರಿನವರಿಗೆ. ದುಡ್ಡು ನಿಮ್ಮದು. ವರ್ಷಾವಧಿ ಹಬ್ಬಕ್ಕೆ ಬಂದಾಗ ‘ನಾವು ಚಿಕ್ಕವರಿದ್ದಾಗಿನ ಇಗರ್ಜಿ ಎಷ್ಟು ಚೆಂದವಿತ್ತು’ ಎಂದು ಕಣ್ಣು ತುಂಬಿಕೊಳ್ಳುವವರೂ ನೀವೇ, ಹೊಸ ಇಗರ್ಜಿಯ ನೀಲನಕ್ಷೆಗೆ ಮೊದಲ ಕಂತು ಕಳುಹಿಸುವವರೂ ನೀವೇ. ಚೆಕ್ಕಿನ ಜೊತೆಗೆ ಒಂದು ಸಾಲು ಬರೆದು ಕಳುಹಿಸಿ, ಹಳೆಯ ಕಲ್ಲುಗಳನ್ನು ಏನು ಮಾಡುತ್ತೀರಿ ಎಂದು. ದುಡ್ಡು ಕೊಟ್ಟವರು ಕೇಳಿದರೆ ಮಂಡಳಿಯವರು ಉತ್ತರಿಸುತ್ತಾರೆ. ನಾನು ಕೇಳಿದ್ದಕ್ಕೆ ‘ನಿಮಗೇಕೆ ಮೇಸ್ತ್ರಿಗಳೇ, ನಿಮ್ಮವರು ಯಾರೂ ಅಲ್ಲಿಲ್ಲವಲ್ಲ’ ಎಂದರು. ನಗುತ್ತಲೇ ಹೇಳಿದರು, ಚಹಾ ಕೂಡ ಕೊಟ್ಟರು.

ನನ್ನವರು ಇಲ್ಲ ಎನ್ನುವುದು ನಿಜ. ಆದರೆ ನನ್ನಲ್ಲಿ ಪುಸ್ತಕಗಳಿವೆ. ಆರ್ಡರು ಬರೆದುಕೊಳ್ಳುತ್ತಿದ್ದ ಹದಿನೇಳು ನೋಟು ಪುಸ್ತಕಗಳು. ಅಕ್ಷರ ಎಣಿಸಿ ದುಡ್ಡು ಪಡೆಯಬೇಕಿದ್ದ ಕಾರಣ ಪ್ರತಿ ಕಲ್ಲಿನ ಬರಹವನ್ನೂ ಪೂರ್ತಿಯಾಗಿ ನಕಲು ಮಾಡಿಕೊಳ್ಳುತ್ತಿದ್ದೆ, ಹೆಸರು, ಮನೆತನ, ಹುಟ್ಟು, ಸಾವು, ಪ್ರಾಯ, ಕೊಕ್ಕೆಗಳ ಲೆಕ್ಕ. ಮೂರು ಪುಸ್ತಕಗಳನ್ನು ಗೆದ್ದಲು ತಿಂದಿದೆ. ಉಳಿದ ಹದಿನಾಲ್ಕು ಸರಿಯಾಗಿವೆ. ಯಾವುದಾದರೂ ಕಾಲೇಜಿನ ಕೊಂಕಣಿ ಅಥವಾ ಕನ್ನಡ ವಿಭಾಗದವರು ಬಂದು ಚಿತ್ರ ತೆಗೆದುಕೊಂಡು ಹೋಗುವುದಾದರೆ ಮನೆಯಲ್ಲಿ ಜಾಗವಿದೆ, ಊಟವಿದೆ. ಪುಸ್ತಕಗಳನ್ನು ಮನೆಯಿಂದ ಹೊರಗೆ ಕೊಡುವುದಿಲ್ಲ.

ಕೋರೆಯಿಂದ ತಂದ ತುಂಡನ್ನು ಬಾವಿಕಟ್ಟೆಗೆ ಒರಗಿಸಿ ತೊಳೆದೆ. ‘ಹಾಂಗಾಸರ್ ವಿಶೆವ್ ಘೆತಾ’ ಎಂಬುದರ ಮೇಲೆ ಇನ್ನೊಂದು ಸಾಲು ಅರ್ಧ ಉಳಿದಿದೆ, ‘೬ ವರ್ಸಾಂ’ ಎಂದು. ಆರು ವರ್ಷ. ಹೆಸರು, ಇಸವಿ ಎರಡೂ ಒಡೆದು ಹೋಗಿವೆ. ಆರರ ಎಡಗಡೆಗೇ ಕಲ್ಲು ಮುರಿದಿರುವುದರಿಂದ ಅದು ಆರೋ, ನಲವತ್ತಾರೋ, ಎಪ್ಪತ್ತಾರೋ ಹೇಳಲಾಗದು. ಗಂಡೋ ಹೆಣ್ಣೋ ಎಂದು ಕ್ರಿಯಾಪದದಿಂದಾದರೂ ತಿಳಿಯಬಹುದೇ ಎಂದು ಪಕ್ಕದ ಮನೆಯ ಬಾಯಿಯವರನ್ನು ಕರೆದು ತೋರಿಸಿದೆ. ಕನ್ನಡದಲ್ಲಾದರೆ ಪಡೆಯುತ್ತಾನೆ, ಪಡೆಯುತ್ತಾಳೆ ಎಂದು ಬೇರೆ ಬೇರೆ ಇದೆ. ಕೊಂಕಣಿಯಲ್ಲಿ ಅವನಿಗೂ ‘ಘೆತಾ’, ಅವಳಿಗೂ ‘ಘೆತಾ’ ಎಂದರು. ಅವರು ಆ ತುಂಡಿನ ಮುಂದೆ ಸ್ವಲ್ಪ ಹೊತ್ತು ನಿಂತು ಶಿಲುಬೆಯ ಗುರುತು ಮಾಡಿಕೊಂಡು ಹೋದರು.

ಪುಸ್ತಕಗಳನ್ನು ತಿರುವಿ ನೋಡಿದ್ದೇನೆ. ಆ ಇಗರ್ಜಿಗೆ ಬರೆದ ಕಲ್ಲುಗಳಲ್ಲಿ ಪ್ರಾಯದ ಕೊನೆಗೆ ಆರು ಬರುವವರು ನಾಲ್ವರಿದ್ದಾರೆ. ಅವರಲ್ಲಿ ಒಂದು ಮಗು. ಮೂವರ ಮನೆಯವರು ಊರು ಬಿಟ್ಟಿದ್ದಾರೆ, ನಾಲ್ಕನೆಯವರ ಮನೆಗೆ ಮುಂದಿನ ವಾರ ಹೋಗಿ ಬರುತ್ತೇನೆ. ಸುಮಾರು 1980ರ ಆಸುಪಾಸಿನಲ್ಲಿ ನಮ್ಮ ಕಡೆಯ ಯಾವುದಾದರೂ ಇಗರ್ಜಿಯಲ್ಲಿ ತಮ್ಮವರಿಗೆ ಬಿಳಿಯ ಅಮೃತಶಿಲೆಯ ಕಲ್ಲು ಬರೆಸಿದ ಓದುಗರು ಯಾರಾದರೂ ಇದ್ದರೆ ಪತ್ರಿಕೆಯ ಕಚೇರಿಗೆ ತಿಳಿಸಿ. ನನ್ನ ವಿಳಾಸವನ್ನು ಸಂಪಾದಕರಲ್ಲಿ ಬಿಟ್ಟಿದ್ದೇನೆ. ಕಲ್ಲು ಭಾರವಿಲ್ಲ, ಒಬ್ಬರೇ ಎತ್ತಬಹುದು.

ಇತಿ,
ಕಾಸರಗೋಡು ತಾಲ್ಲೂಕಿನ ಒಬ್ಬ ಹಳೆಯ ಬೋರ್ಡು ಬರೆಯುವವ